ಗಿಡ್ಡ ಮಂಚ

"ರೀ ಮೇಸ್ತ್ರಿ, ನಿಮ್ಮ ಮಂಚ ಗಿಡ್ಡ ಆಗಿದೆ!"

"ನಿಮ್ಮ ಹೊದಿಕೆ ಉದ್ದ ಆಗಿದೆ, ಟೈಲರಮ್ಮ!"

ಮೊದಲ ಭೇಟಿಯಲ್ಲೇ ಜಗಳ!

ಅದು ಹೊಸ ಕಟ್ಟಡದ ಮಾದರಿ ಮನೆ. ಕೊಳ್ಳಲು ಬರುವವರಿಗೆ ತೋರಿಸಲೆಂದೇ ಸಿಂಗರಿಸುತ್ತಿದ್ದ ಮಲಗುವ ಕೋಣೆಯಲ್ಲಿ ಅವಳು ತಾನು ಹೊಲಿದ ಹೊದಿಕೆ ಹಿಡಿದು ನಿಂತಿದ್ದಳು. ಅದರ ಅಂಚು ನೆಲ ಗುಡಿಸುತ್ತಿತ್ತು. ಇಷ್ಟೊಂದು ಬಟ್ಟೆ ಹಾಳಾಯಿತು ಎಂದರೆ ಮುಂದೆ ಯಾರು ಕೆಲಸ ಕೊಡುತ್ತಾರೆ? ಅವಳ ಕಣ್ಣು ತುಂಬಿತು.

ಬಡಗಿ ಉಳಿಯನ್ನು ಕೆಳಗಿಟ್ಟ.

"ಅಳಬೇಡಿ. ತಪ್ಪು ನಿಮ್ಮದಲ್ಲ. ಇದು ಮಲಗೋ ಮಂಚ ಅಲ್ಲ, ನೋಡೋ ಮಂಚ. ಮಂಚ ಚಿಕ್ಕದಾದ್ರೆ ಕೋಣೆ ದೊಡ್ಡದಾಗಿ ಕಾಣತ್ತೆ. ಕೊಳ್ಳೋಕೆ ಬಂದೋರು ಇಲ್ಲಿ ಮಲಗಿ ನೋಡ್ತಾರಾ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ಹಾಸಿಗೆನೇ ಕತ್ತರಿಸಿಬಿಟ್ರಲ್ರೀ!"

ಅವನು ಬಿದ್ದು ಬಿದ್ದು ನಕ್ಕ. ಅಳುತ್ತಿದ್ದವಳಿಗೂ ನಗು ತಡೆಯಲಾಗಲಿಲ್ಲ. ಪ್ರೀತಿ ಹುಟ್ಟಲು ಅಷ್ಟು ಸಾಕಾಯಿತು...

ಅವಳು ಇದ್ದದ್ದು ಅಣ್ಣನ ಬಾಡಿಗೆ ಮನೆಯಲ್ಲಿ. ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತರಿಸಿದರೆ ಮಾತ್ರ ಅವಳಿಗೆ ಚಾಪೆ ಹಾಸಲು ಜಾಗ. ಅತ್ತಿಗೆ ಒಳ್ಳೆಯವಳೇ. ಆದರೆ ಒಳ್ಳೆಯತನಕ್ಕೂ ಕಾಲು ಚಾಚಲು ಸ್ಥಳ ಬೇಕಲ್ಲ!

"ನಿಂಗೇನು ಆಸೆ?" ಎಂದು ಅವನು ಒಮ್ಮೆ ಕೇಳಿದ್ದ.

"'ಖಾಲಿ ಮಾಡಿ' ಅಂತ ಯಾರೂ ಬಂದು ಬಾಗಿಲು ಬಡಿಯದ ಮನೆ," ಎಂದಿದ್ದಳು. ಚಿಕ್ಕಂದಿನಿಂದ ಆ ಮಾತು ಕೇಳಿ ಕೇಳಿ ಬೆಳೆದವಳು ಅವಳು.

ಅವಳು ಆಸೆ ಹೇಳಿದಳು. ಅವನ ಕಿವಿಗೆ ಅದು ಮದುವೆಯ ಷರತ್ತಾಗಿ ಕೇಳಿಸಿತು.

ಅದೇ ಕಟ್ಟಡದ ಹಿಂಬದಿಯ ಪುಟ್ಟ ಮನೆಯ ಮೇಲೆ ಇಬ್ಬರೂ ಕಣ್ಣಿಟ್ಟರು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಇರಲಿ, ಗೋಡೆಯಾದರೂ ನಮ್ಮದೇ ಕಿಟಕಿಯಿಂದ ಕಾಣುತ್ತದಲ್ಲ! ಅವನು ತನ್ನ ಮರಗೆಲಸದ ಅಂಗಡಿಯಲ್ಲಿ ಗಟ್ಟಿ ಮರದಿಂದ ಉದ್ದನೆಯ ಮಂಚ ಮಾಡತೊಡಗಿದ. "ಇದು ಮಲಗೋ ಮಂಚ ಕಣೇ," ಎನ್ನುತ್ತಿದ್ದ. ಅವಳು ಅದರ ಅಳತೆಗೆ ಹೊದಿಕೆ ಹೊಲಿದಳು.

ಆದರೆ ಕಟ್ಟಡದ ಮುಂದಿನ ಬೋರ್ಡಿನಲ್ಲಿ ಹಳೆ ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಬೀಳುತ್ತಲೇ ಹೋಯಿತು. ಅವನು ರಜೆಯಿಲ್ಲದೆ ದುಡಿದ. ಅವಳು ಬೆರಳು ಸವೆಯುವಷ್ಟು ಹೊಲಿದಳು. ಇವರು ಒಂದು ಮೆಟ್ಟಿಲು ಹತ್ತಿದರೆ ಬೆಲೆ ಮಹಡಿಯನ್ನೇ ಹತ್ತುತ್ತಿತ್ತು. ಚೀಟಿಯ ಮೇಲೆ ಚೀಟಿ ಅಂಟಿ ಆ ಜಾಗ ಬೋರ್ಡಿನಲ್ಲಿ ಬಾವು ಬಂದಂತೆ ಉಬ್ಬಿತ್ತು.

ಒಂದು ದಿನ ಆ ಪುಟ್ಟ ಮನೆಯೂ ಹೋಯಿತು. ಬಾಡಿಗೆಗೆ ಬಿಡಲೆಂದು ಯಾರೋ ಒಬ್ಬರು ಆ ಸಾಲಿನ ಮನೆಗಳನ್ನೆಲ್ಲ ಒಟ್ಟಿಗೆ ಕೊಂಡರಂತೆ.

ಅಂದಿನಿಂದ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

'ಬರ್ತಾನೆ... ದುಃಖ ಇಳಿದ ಮೇಲೆ ಬರ್ತಾನೆ...' ಎಂದು ಅವಳು ಕಾದಳು.

ಬಂದದ್ದು ಅತ್ತಿಗೆಯ ಮಾತು. "ನಿನ್ನ ಮೇಸ್ತ್ರಿ ಆ ದೊಡ್ಡ ಮಂಚ ಕೊಯ್ತಾ ಕೂತಿದ್ದಾನಮ್ಮ. ಕಣ್ಣಾರೆ ನೋಡಿ ಬಂದೆ."

ಅವಳು ಚಪ್ಪಲಿ ಮೆಟ್ಟಿ ಓಡಿದಳು.

ನಿಜ. ಅಂಗಡಿಯಲ್ಲಿ ಮರದ ಪುಡಿಯ ರಾಶಿ. ನಡುವೆ ಅವರ ಮಂಚ... ಗಿಡ್ಡ ಮಂಚ! ಗಿಡ್ಡ ಮಂಚ ಹೋಗುವುದು ಎಲ್ಲಿಗೆಂದು ಅವಳಿಗೆ ಹೇಳಿಕೊಡಬೇಕೇ? ರಸ್ತೆಯಾಚೆ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲೂ ಒಂದು ಮಾದರಿ ಮನೆ ಬೇಕಲ್ಲ.

"ನಮ್ಮ ಮಂಚಾನ ನೋಡೋ ಮಂಚ ಮಾಡಿ ಮಾರಿಬಿಟ್ರಾ?" ಅವಳ ದನಿ ಒಡೆಯಿತು. "ನಾನೂ ಬರೀ ನೋಡೋಕಷ್ಟೇ ಇದ್ದೆನಾ?!"

ಅವನ ಕೈಯಿಂದ ಗರಗಸ ಜಾರಿತು.

"ಮಾರೋಕಲ್ಲ ಕಣೇ..."

"ಮತ್ಯಾಕೆ?"

ಅವನು ತಲೆ ತಗ್ಗಿಸಿದ. "ಒಂದು ಬಾಡಿಗೆ ಕೋಣೆ ನೋಡಿದೀನಿ. ನನ್ನ ಕೈಲಾಗೋದು ಅಷ್ಟೇ. ಉದ್ದಕ್ಕೆ ಹಾಕಿದ್ರೆ ಬಾಗಿಲು ತೆಗೆಯೋಕಾಗಲ್ಲ, ಅಡ್ಡ ಹಾಕಿದ್ರೆ ಗೋಡೆ ತಡೆಯತ್ತೆ. ಅದಕ್ಕೇ ಕತ್ತರಿಸಿದೆ. ಆಮೇಲೆ... ಬಾ ಅಂತ ಕರೆಯೋಕೆ ಬಾಯಿ ಬರಲಿಲ್ಲ. ನೀನು ಸ್ವಂತ ಮನೆ ಬೇಕು ಅಂದಿದ್ದೆಯಲ್ಲ."

ಅವಳು ಮರದ ಪುಡಿಯ ಮೇಲೆಯೇ ಕುಸಿದು ಕುಳಿತಳು.

"ಬೇಕು ಅಂದಿದ್ದೆ. ಈಗಲೂ ಬೇಕು. ಆದ್ರೆ ಮನೆ ಇಲ್ಲದಿದ್ರೆ ನೀವು ಬೇಡ ಅಂತ ಯಾವತ್ತು ಅಂದೆ?"

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಕೆನ್ನೆಗೆಲ್ಲ ಮರದ ಪುಡಿ ಅಂಟಿತು.

"ಅಲ್ಲೂ ಯಾರಾದ್ರೂ ಬಂದು ಖಾಲಿ ಮಾಡಿ ಅಂತಾರೆ," ಎಂದ.

"ಅಂತಾರೆ. ಆಗ ಮಂಚದ ಆ ಕಡೆ ನೀವು ಹಿಡಿರಿ, ಈ ಕಡೆ ನಾನು ಹಿಡಿತೀನಿ."

ಹೊರಗೆ, ಎದುರಿನ ಕಟ್ಟಡದ ಬೋರ್ಡಿಗೆ ಯಾರೋ ಏಣಿ ಹಾಕುತ್ತಿದ್ದರು. ಇಬ್ಬರೂ ಅತ್ತ ನೋಡಲಿಲ್ಲ.

"ಅಳತೆ ತಪ್ಪಿಲ್ಲ ತಾನೇ?" ಅವಳು ಮಂಚದ ತುದಿ ಸವರಿದಳು. "ನಿಮ್ಮ ಕಾಲು ಹೊರಗೆ ಬರತ್ತೆ ಮೇಸ್ತ್ರಿ."

"ಮಡಚಿಕೊಂಡು ಮಲಗ್ತೀನಿ. ನಿನ್ನ ಹೊದಿಕೆ ಏನು ಮಾಡೋದು? ಕತ್ತರಿಸ್ತೀಯಾ?"

"ಇಲ್ಲ. ಉಳಿದಿದ್ದನ್ನ ಒಳಗೆ ಮಡಚಿ ಸಡಿಲ ಹೊಲಿಗೆ ಹಾಕ್ತೀನಿ. ಎಂದಾದ್ರೂ ದೊಡ್ಡ ಕೋಣೆ ಸಿಕ್ಕರೆ ಬಿಚ್ಚೋಕೆ ಬರತ್ತೆ."

"ಸಿಗದೇ ಹೋದ್ರೆ?"

ಅವಳು ಅವನ ಕೆನ್ನೆಯ ಮರದ ಪುಡಿ ಒರೆಸಿದಳು.

"ಆ ಮಡಿಕೆ ಬರೋದು ನಿಮ್ಮ ಕಾಲ ಹತ್ರ ಅಲ್ವಾ... ಬೆಚ್ಚಗಿರತ್ತೆ ಬಿಡಿ."