ಲವೆರ್ಡಾ ಏರಿ ಗಂಡು ನೋಡೋಕೆ

"ಬೈಕಿಗೋಸ್ಕರ ನನ್ ತಂಗಿ ಹಿಂದೆ ಬಿದ್ದಿದ್ದೀಯ ಕಣ್ಲಾ ನೀನು!"

ಬನಶ್ರೀಯ ಅಣ್ಣ ನಟರಾಜ್ ಹೀಗೆ ಓಬುಳೇಶನ ಮುಖಕ್ಕೇ ಅಂದುಬಿಟ್ಟ. ಅದೂ ಹಿಂದೂಪುರದ ಅವರ ಮನೆಯ ಮುಂದೆ, ನಾಲ್ಕು ಜನ ಕೇಳುವ ಹಾಗೆ. ಓಬುಳೇಶ್ ಬಣ್ಣ ಹೊಡೆಯುವ ಗನ್ನನ್ನು ಚೀಲಕ್ಕೆ ತುರುಕಿಕೊಂಡು, ಬಸ್ಸು ಹತ್ತಿ ಕಲ್ಯಾಣದುರ್ಗದ ತನ್ನ ಮನೆ ಸೇರಿಕೊಂಡ. ಅವತ್ತಿನಿಂದ ಅವಳ ಫೋನೂ ಎತ್ತುತ್ತಿಲ್ಲ.

ಬನಶ್ರೀಗೆ ಅಣ್ಣನಿಗಿಂತ ಇವನ ಮೇಲೆಯೇ ಸಿಟ್ಟು ಜಾಸ್ತಿ. ಅಲ್ಲ, ಯಾರೋ ಏನೋ ಅಂದರು ಅಂತ ಪ್ರೀತಿಸಿದವಳನ್ನು ಬಿಟ್ಟು ಹೋಗುವುದಾ? ಮಾನ ಅನ್ನುವುದು ಇವನೊಬ್ಬನಿಗೇನಾ ಇರುವುದು?

ಬೈಕೇನೋ ಅಂಥಿಂಥದ್ದಲ್ಲ, ಒಪ್ಪೋಣ. ಇಟಲಿಯ ಲವೆರ್ಡಾ. ರೇಸಿಗೆಂದೇ ಕೆಲವೇ ಕೆಲವು ಮಾಡಿದ್ದಂತೆ. ದೊಡ್ಡಪ್ಪ ಉಮಾಶಂಕರ್ ಅದನ್ನು ಮದ್ರಾಸಿನ ಗುಜರಿಯಿಂದ ಎತ್ತಿಕೊಂಡು ಬಂದು, ಸಾಯುವ ಮುಂಚೆ ಬನಶ್ರೀ ಹೆಸರಿಗೆ ಮಾಡಿಟ್ಟಿದ್ದರು. ಹಳೇ ಬೈಕ್ ಕೂಡಿಡುವ ಹುಚ್ಚಿನವರು ದೂರದೂರದಿಂದ ಬಂದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು.

ಅದರ ಟ್ಯಾಂಕಿಗೆ ಬಣ್ಣ ಹೊಡೆಯಲು ಬಂದವನೇ ಓಬುಳೇಶ್. ಹಳೆಯ ಕಿತ್ತಳೆ ಬಣ್ಣ ಸರಿಯಾಗಿ ಕೂರಲಿಲ್ಲವೆಂದು ಅವಳು ಮತ್ತೆ ಮತ್ತೆ ಕೆರೆಸಿದಳು. ನೇಕಾರರ ಮನೆ ಹುಡುಗಿ, ಬಣ್ಣದ ವಿಷಯದಲ್ಲಿ ಬಿಡುತ್ತಾಳೆಯೇ? ಕೊನೆಗೆ ರೇಷ್ಮೆ ನೂಲಿಗೆ ತಾನೇ ಬಣ್ಣ ಹಾಕಿ ತಂದು ಅವನ ಬೆರಳಿಗೆ ಸುತ್ತಿದಳು.

"ಇದೇ ಬಣ್ಣ ಬರ್ಬೇಕು. ನನ್ನೇನ್ ನೋಡ್ತೀಯ, ನೂಲು ನೋಡಪ್ಪ."

"ನೋಡ್ದೆ. ನಿನ್ ಕೆನ್ನೇಗೂ ಹತ್ತೈತೆ."

ಅವಳು ಗಡಿಬಿಡಿಯಿಂದ ಕೆನ್ನೆ ಒರೆಸಿಕೊಂಡಳು. ಕೈಗೆ ಏನೂ ಅಂಟಲಿಲ್ಲ. ಅವನು ಮಾತ್ರ ತಲೆ ತಗ್ಗಿಸಿ ನಗುತ್ತಿದ್ದ. ಅಂಥವನು ಈಗ ಫೋನ್ ಎತ್ತುತ್ತಿಲ್ಲ!

ಭಾನುವಾರ ಬೆಳಿಗ್ಗೆ ನಟರಾಜ್ ಇಡ್ಲಿ ತಿನ್ನುತ್ತಿರುವಾಗಲೇ ಅವಳು ಬೈಕನ್ನು ಬೀದಿಗಿಳಿಸಿದಳು.

"ಎಲ್ಲಿಗಮ್ಮಾ?"

"ಗಂಡು ನೋಡೋಕೆ ಹೋಯ್ತೀನಿ."

"ಹೆಣ್ಮಕ್ಳು ಹೋಗಿ ಗಂಡು ನೋಡ್ತಾರೇನೇ?"

"ಇವತ್ತಿಂದ ನೋಡ್ತಾರೆ ಕಣಣ್ಣ."

ಈ ಗಾಡಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಯಾರೇ ಹತ್ತಿದರೂ ಕಾಲು ತಡಬಡಾಯಿಸುತ್ತಿತ್ತು. ಬನಶ್ರೀ ದೊಡ್ಡಪ್ಪನ ಹತ್ತಿರ ಕಲಿತವಳು. ದಾರಿಯಲ್ಲಿ ಸಿಗುವ ರೊದ್ದಂನಲ್ಲಿ ಟೀ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ನೋಡಲಿ ಎಂದು ಅವಳು ಇನ್ನಷ್ಟು ಜೋರಾಗಿ ಓಡಿಸಿದಳು.

ಕಲ್ಯಾಣದುರ್ಗದಲ್ಲಿ ಓಬುಳೇಶನ ತಾಯಿ ಶಿವಲಕ್ಷ್ಮಮ್ಮ ನೆರೆಯ ಹೆಂಗಸರ ಜೊತೆ ಕಡಲೆಕಾಯಿ ಸುಲಿಯುತ್ತಿದ್ದರು. ಗಾಡಿಯ ಸದ್ದಿಗೆ ಎಲ್ಲರ ಕೈಯೂ ನಿಂತಿತು.

"ಎವರು ಕಾವಾಲಮ್ಮಾ?" ಯಾರು ಬೇಕೆಂದು ಶಿವಲಕ್ಷ್ಮಮ್ಮ ತೆಲುಗಿನಲ್ಲಿ ಕೇಳಿದರು.

"ನಿಮ್ ಮಗನ್ನ ನೋಡೋಕೆ ಬಂದೀನಮ್ಮಾ. ಪೆಳ್ಳಿಚೂಪುಲು," ಎಂದು ಹೆಣ್ಣು ನೋಡುವ ಶಾಸ್ತ್ರದ ತೆಲುಗು ಹೆಸರನ್ನೇ ಹೇಳಿ ಬನಶ್ರೀ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು.

ಶಿವಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವುಡಾ! ಓಬುಳೇಶಾ, ಕಾಫಿ ತಗೊಂಡ್ ಬಾರಪ್ಪಾ, ನಿನ್ನ ನೋಡೋಕೆ ಬಂದವ್ರೆ!"

ಓಬುಳೇಶ್ ಬಂದ. ಅವನು ಚಾಚಿದ ತಟ್ಟೆಯಿಂದ ಬನಶ್ರೀ ಕಾಫಿ ಲೋಟ ಎತ್ತಿಕೊಂಡಳು. ಅವನ ಕಣ್ಣು ನೆಲದ ಮೇಲೆ, ಕಿವಿ ಕೆಂಪಗೆ.

"ತಲೆ ಎತ್ತಪ್ಪ. ಮುಖ ನೋಡ್ಬೇಕಲ್ಲ."

ಹೆಂಗಸರು ಗೊಳ್ಳೆಂದರು. ಅವನು ತಲೆ ಎತ್ತಿದ. ಸರಿಯಾಗಿ ನಿದ್ದೆ ಮಾಡದ ಕಣ್ಣು. ಬನಶ್ರೀಯ ಅರ್ಧ ಸಿಟ್ಟು ಅಲ್ಲೇ ಇಳಿದುಹೋಯಿತು.

"ಬೈಕ್ ಯಾಕ್ ತಂದೆ?" ಎಂದು ಅವನು ಸಣ್ಣಗೆ ಕೇಳಿದ. "ನಿಮ್ಮಣ್ಣ ಅಂದಿದ್ದೇ ನಿಜ ಅಂತಾರೆ ಜನ. ಅದನ್ನ ಮಾರ್ಬುಟ್ಟು ಉಟ್ಟ ಬಟ್ಟೇಲಿ ಬಾ, ಕಟ್ಕೋತೀನಿ."

"ಮಾರಲ್ಲ. ನಿನ್ ಮರ್ಯಾದೆ ಉಳ್ಸೋಕೆ ನನ್ ದೊಡ್ಡಪ್ಪ ಕೊಟ್ಟಿದ್ದನ್ನ ಯಾಕ್ ಮಾರ್ಲಿ? ಕೇಳಿಲ್ಲಿ. ಇದು ಯಾವತ್ತೂ ನನ್ ಹೆಸರಲ್ಲೇ ಇರ್ತೈತೆ. ಮದ್ವೆ ಆದ್ಮೇಲೂ ನಾನೇ ಓಡಿಸ್ತೀನಿ, ನೀನು ಹಿಂದೆ ಕೂತ್ಕೋಬೇಕು. ಜನ ನಗ್ತಾರೆ, ನಗ್ಲಿ. ಒಪ್ಪಿಗೇನಾ?"

ಗಂಟಲೇನೋ ಜೋರಾಗಿಯೇ ಇತ್ತು. ಆದರೆ ಇವನು ಇಲ್ಲ ಅಂದರೆ ಇನ್ನೊಂದು ಸಲ ಕೇಳುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅಣ್ಣ. ಓಬುಳೇಶ್ ತಟ್ಟೆ ಕೆಳಗಿಟ್ಟು, ಅವಳ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದ.

"ಎಲ್ಲಿದ್ದೀಯೇ? ಬೈಕ್ ಎಲ್ಲಿ?" ನಟರಾಜ್ ಕೂಗಾಡುತ್ತಿದ್ದ.

"ನಟರಾಜಣ್ಣ, ನಾನು ಓಬುಳೇಶ. ನಿನ್ ತಂಗಿ, ಬೈಕು, ಇಬ್ರೂ ನಮ್ಮನೆ ಮುಂದೇನೇ ಅವ್ರೆ." ಅವನ ದನಿ ಈಗ ಸಣ್ಣದಾಗಿರಲಿಲ್ಲ, ಕಣ್ಣು ಬನಶ್ರೀಯ ಮುಖ ಬಿಟ್ಟು ಕದಲಲಿಲ್ಲ. "ಬೈಕ್ ಅವಳ್ದು. ನಾನೂ ಅವಳೋನೇ. ಯಾರಿಗ್ ಬೇಕಾದ್ರೂ ಹೇಳ್ಕೋ ಹೋಗಣ್ಣ."

ಫೋನ್ ಕಟ್ಟಾಯಿತು. ಬನಶ್ರೀ ಕಾಫಿ ಲೋಟಕ್ಕೆ ಮುಖ ಬಗ್ಗಿಸಿದಳು, ಕಣ್ಣು ತುಂಬಿದ್ದು ಕಾಣದಿರಲಿ ಎಂದು.

ಶಿವಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದರು.

"ನಮ್ ಹುಡುಗ ಒಪ್ಪಿಗೇನೇನಮ್ಮಾ?"

"ಒಪ್ಪಿಗೆ, ಅತ್ತೆ."