ಎರಡನೇ ಗಿಟಾರ್

ಹೊಸ ಪೇಷೆಂಟ್ ಬಂದರೆ ತುಂಬಿಸುವ ಫಾರ್ಮಿನಲ್ಲಿ ಉದ್ಯೋಗಕ್ಕೊಂದು ಗೆರೆ, ಅದರ ಕೆಳಗೆ ಹವ್ಯಾಸಕ್ಕೊಂದು ಗೆರೆ ಇತ್ತು. ಎದುರಿಗೆ ಕುಳಿತಿದ್ದ ಹೆಂಗಸಿಗೆ ಎಪ್ಪತ್ತೊಂದು ವರ್ಷ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಏನು ಮಾಡುತ್ತೀರಿ ಎಂದು ಫಿಸಿಯೋಥೆರಪಿಸ್ಟ್ ಕೇಳಿದಾಗ ಅವರು “ಹಾಡ್ತೀನಿ” ಎಂದರು. ಅವಳು ಹಿಂದೆಮುಂದೆ ನೋಡದೆ ಎರಡನೆಯ ಗೆರೆಯ ಮೇಲೆ ‘ಹಾಡುವುದು’ ಎಂದು ಬರೆದಳು.

ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಂಡಸು ಕತ್ತು ಚಾಚಿ ನೋಡಿದ. ಮೂವತ್ತೈದರ ಆಸುಪಾಸಿನ, ಎತ್ತರದ ತೆಳ್ಳನೆಯ ಆಳು. ಮಡಿಲಲ್ಲಿ ಆ ಹೆಂಗಸಿನ ಹ್ಯಾಂಡ್‌ಬ್ಯಾಗು.

“ಹವ್ಯಾಸ ಅಂತ ಬರೆದ್ರಾ?”

“ಯಾಕೆ, ತಪ್ಪಾಯ್ತಾ?”

ಹೆಂಗಸು ನೋವು ಮರೆತು ನಕ್ಕು, ಅವನನ್ನು ಅಡ್ಡಹೆಸರಿನಿಂದ ಕರೆದರು. “ಬಿಡು ತಂತಿ, ಐವತ್ತು ವರ್ಷ ಆದ್ರೂ ನನಗೇ ಸರಿಯಾಗಿ ಗೊತ್ತಾಗಿಲ್ಲ, ಇದು ಯಾವ ಗೆರೆ ಮೇಲೆ ಬರೋದು ಅಂತ.”

ಅವರು ಹೋದ ಮೇಲೆ ರಿಸೆಪ್ಷನ್ನಿನ ಹುಡುಗಿ ಓಡಿಬಂದು ಹೇಳಿದಾಗಲೇ ಅವಳಿಗೆ ತಿಳಿದದ್ದು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಆಕೆ ತಾವೇ ಹಾಡು ಬರೆದು, ತಾವೇ ಗಿಟಾರ್ ಹಿಡಿದು ಹಾಡುವವರು. ಹದಿನಾಲ್ಕು ಆಲ್ಬಂ ಹೊರಬಂದಿವೆ. ಅವರ ಹಾಡು ಕೇಳದೆ ಬೆಳೆದವರು ಈ ಊರಿನಲ್ಲಿ ಯಾರೂ ಇಲ್ಲ ಎಂದು ಆ ಹುಡುಗಿಯ ನಂಬಿಕೆ.

ಒಬ್ಬಳಿದ್ದಳು, ಈ ಫಿಸಿಯೋಥೆರಪಿಸ್ಟ್. ಅವಳ ಅಮ್ಮ ರಾತ್ರಿಪಾಳಿಯ ನರ್ಸ್ ಆಗಿದ್ದರು. ಹಗಲು ಮಲಗುವ ಅಮ್ಮನಿಗಾಗಿ ಮನೆಯಲ್ಲಿ ರೇಡಿಯೋ ಹಾಕುತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರೂ ತುದಿಗಾಲಲ್ಲಿ ನಡೆದು, ಪಿಸುಮಾತಿನಲ್ಲಿ ಜಗಳವಾಡಿ ಬೆಳೆದವರು. ಹಾಡೆಂದರೆ ಅವಳಿಗೆ ಪಕ್ಕದ ಮನೆಯವರದು.

ಮುಂದಿನ ಸಲ ಬಂದಾಗ ತಂತಿ ಅವಳ ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟ. ಅದರಲ್ಲಿ ದೊಡ್ಡಮ್ಮನ ಮೊದಲ ಆಲ್ಬಂ ಇದೆ, ಕೇಳಿ ವಾಪಸ್ ಕೊಟ್ಟರೆ ಎರಡನೆಯದು ತಂದುಕೊಡುತ್ತೇನೆ ಎಂದ. ಮೇಷ್ಟ್ರು ಹೋಂವರ್ಕ್ ಕೊಟ್ಟ ಹಾಗಿತ್ತು. ಬೇಡ ಎನ್ನಲು ಅವಳು ತಲೆ ಎತ್ತಿದಳು. ಅವನು ಆಗಲೇ ಕಿಟಕಿಯ ಕಡೆ ತಿರುಗಿ, ಕಿವಿ ಮಾತ್ರ ಇತ್ತ ಬಿಟ್ಟು, ಉತ್ತರಕ್ಕೆ ಕಾಯುತ್ತಿದ್ದ. ಆ ಕಿವಿಯ ತುದಿ ಕೆಂಪಗಾಗಿತ್ತು. ಅವಳು ಪೆನ್‌ಡ್ರೈವ್ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು.

ಮೊದಲನೆಯದು ಅವಳಿಗೆ ಹಿಡಿಸಲಿಲ್ಲ. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂತೆ ಹಾಡಿದ್ದಾರೆ ಎಂದು ನೇರವಾಗಿ ಹೇಳಿಬಿಟ್ಟಳು. ಅವನು ಮುನಿಸಿಕೊಳ್ಳುತ್ತಾನೆ ಅಂದುಕೊಂಡಿದ್ದಳು. ಅವನಿಗೆ ಖುಷಿಯಾಯಿತು. ಆಗ ದೊಡ್ಡಮ್ಮನಿಗೆ ಇಪ್ಪತ್ತೆರಡು, ಸ್ಟುಡಿಯೋ ಸಿಕ್ಕಿದ್ದು ಮೂರೇ ಗಂಟೆ, ಹೊರಗೆ ಬೇರೆಯವರು ಕಾಯುತ್ತಾ ನಿಂತಿದ್ದರು. ಇಷ್ಟು ಸರಿಯಾಗಿ ಕೇಳಿಸಿಕೊಂಡವರು ಕಮ್ಮಿ ಎಂದ. ಅವಳಿಗೆ ತಾನು ಪರೀಕ್ಷೆಯಲ್ಲಿ ಪಾಸಾದಂತೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮೂರನೆಯ ಆಲ್ಬಂ ‘ಎರಡನೇ ಮಹಡಿ’. ಅದರಲ್ಲೊಂದು ಕೊಡೆಯ ಹಾಡಿತ್ತು. ಜಗಳವಾಡಿ ಬಿಟ್ಟುಹೋದವನ ಕೊಡೆ ಮನೆಯಲ್ಲೇ ಉಳಿದಿದೆ. ಹಾಡಿನ ಹೆಣ್ಣು ಅದನ್ನು ಬಿಸಿಲಿಗೂ ಹಿಡಿಯುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಅಷ್ಟೇ. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಕೇಳುತ್ತಾ ಅವಳು ಇಳಿಯಬೇಕಾದ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋದಳು. ವಾಪಸ್ ನಡೆದುಬರುವಾಗ ಮತ್ತೆ ಅದನ್ನೇ ಹಾಕಿಕೊಂಡಳು.

ಆ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅನ್ನಕ್ಕಿಟ್ಟು ಬಾಲ್ಕನಿಗೆ ಹೋಗುವಳು, ಬಾಲ್ಕನಿಯಿಂದ ಬಂದು ಒಗೆದ ಬಟ್ಟೆಯನ್ನೇ ಮತ್ತೆ ಮಡಿಸುವಳು. ಪೇಷೆಂಟಿಗೆ ಹತ್ತು ಸಲ ಕೈ ಎತ್ತಿ ಎಂದು ಹೇಳಿ ಎಣಿಸುವುದನ್ನೇ ಮರೆಯುವಳು. ಒಟ್ಟಿಗೇ ಇದ್ದ ಅಕ್ಕ ನೋಡಿ ನೋಡಿ ಸಾಕಾಗಿ, “ಏನೇ, ಇರುವೆ ಕಚ್ಚಿದ ಹಾಗೆ ಆಡ್ತಿದೀಯ? ಯಾರವನು?” ಎಂದಳು. ಯಾರೂ ಇಲ್ಲ, ಹಾಡು ಎಂದಳು ತಂಗಿ. ಸೋಫಾದಲ್ಲಿ ಪೇಪರ್ ಓದುತ್ತಿದ್ದ ಭಾವ ತಲೆ ಎತ್ತದೆ, ಆ ಹಾಡು ಎಷ್ಟು ಎತ್ತರ ಇದ್ದಾನೆ ಎಂದು ಕೇಳಿದ.

ಆಲ್ಬಂಗಳು ಮುಗಿಯುವ ಮೊದಲೇ ತಂತಿ ಲೈವ್ ರೆಕಾರ್ಡಿಂಗುಗಳನ್ನು ತರಲು ಶುರುಮಾಡಿದ. ಅವು ಅಂಗಡಿಯಲ್ಲಿ ಸಿಗುವಂಥವಲ್ಲ. ಯಾವುದೋ ಕಾಲೇಜಿನ ಹಾಲ್, ಯಾವುದೋ ಬಂದರಿನ ಗೋದಾಮು, ಕೆಮ್ಮುವ ಜನ, ಅಳುವ ಮಗು. ಅದೇ ಕೊಡೆಯ ಹಾಡು ಒಂದು ಕಡೆ ಜೋಗುಳದಂತೆ, ಇನ್ನೊಂದು ಕಡೆ ಬಾಗಿಲು ಬಡಿದಂತೆ. ಯಾವುದು ನಿಜವಾದದ್ದು ಎಂದು ಅವಳು ಕೇಳಿದಾಗ ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಒಂದು ಮಡಿಕೆ ಮೂಡುವುದನ್ನು ಅವಳು ನೋಡಿಬಿಟ್ಟಳು. ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಗಡಿಬಿಡಿಯಿಂದ ದೊಡ್ಡಮ್ಮನ ಭುಜದ ಕಡೆ ತಿರುಗಿದರು.

ಒಂಬತ್ತು ವರ್ಷ ಹಿಂದಿನ ಒಂದು ರೆಕಾರ್ಡಿಂಗ್ ಇತ್ತು. ಅದರಲ್ಲಿ ಕೊಡೆಯ ಹಾಡಿನ ಕೊನೆಯ ಚರಣಕ್ಕೆ ಮೊದಲು ದೊಡ್ಡಮ್ಮನ ದನಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಅವರ ಗಿಟಾರೂ ನಿಲ್ಲುತ್ತದೆ. ಜನ ಮಿಸುಕುವುದು ಕೇಳುತ್ತದೆ. ಆಗ ಅಷ್ಟು ಹೊತ್ತು ಹಿಂದೆಲ್ಲೋ ಇದ್ದ ಎರಡನೇ ಗಿಟಾರ್ ಮೆಲ್ಲಗೆ ಮುಂದೆ ಬಂದು ಅದೇ ನಾಲ್ಕು ಸ್ವರಗಳನ್ನು ಸುತ್ತುತ್ತಾ ನಿಲ್ಲುತ್ತದೆ. ಒಂದು ಸುತ್ತು, ಎರಡು ಸುತ್ತು, ಐದು, ಒಂಬತ್ತು. ಅವಸರವಿಲ್ಲ, ಬೇಸರವಿಲ್ಲ. ಹನ್ನೊಂದನೇ ಸುತ್ತಿಗೆ ದೊಡ್ಡಮ್ಮ ಉಸಿರೆಳೆದುಕೊಂಡು ಹಾಡಿಗೆ ಮರಳುತ್ತಾರೆ.

ಅವಳು ಅದನ್ನು ಊಟದ ವಿರಾಮದಲ್ಲಿ, ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ಆರು ಸಲ ಕೇಳಿದಳು. ತನಗಾಗಿ ಯಾರೂ ಹಾಗೆ ಕಾದದ್ದಿಲ್ಲ ಎಂದು ತಿಳಿಯುವ ಹೊತ್ತಿಗೆ ಡಬ್ಬಿಯ ಊಟ ಆರಿಹೋಗಿತ್ತು.

ಆ ವಾರ ದೊಡ್ಡಮ್ಮನ ಬೆನ್ನಿಗೆ ಬಿಸಿಚೀಲ ಇಡುತ್ತಾ ಅವಳು, ಅವತ್ತು ನಿಮ್ಮ ಜೊತೆ ಎರಡನೇ ಗಿಟಾರ್ ನುಡಿಸಿದವರು ಯಾರು, ಈಗಲೂ ಇದ್ದಾರಾ ಎಂದು ಕೇಳಿದಳು. ಸ್ಟೂಲಿನ ಮೇಲಿದ್ದ ತಂತಿ ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದ, ಮತ್ತೆ ಎಳೆದು ಮುಚ್ಚಿದ.

“ಇದಾನೆ,” ಎಂದರು ದೊಡ್ಡಮ್ಮ, ಮುಖವನ್ನು ದಿಂಬಿನಲ್ಲೇ ಇಟ್ಟುಕೊಂಡು. “ಅಲ್ಲಿ ನನ್ನ ಬ್ಯಾಗ್ ಕಾಯ್ಕೊಂಡು ಕೂತಿದಾನೆ.”

ಅವಳು ಇಷ್ಟು ದಿನ ಅವನನ್ನು ಯಾರೋ ಸಂಬಂಧಿಕರ ಮಗ, ಕಾರು ಓಡಿಸಿಕೊಂಡು ಬರುವವನು ಎಂದುಕೊಂಡಿದ್ದಳು. ತಲೆ ಎತ್ತುವ ಧೈರ್ಯ ಬರಲಿಲ್ಲ. ಬಿಸಿಚೀಲ ಇಟ್ಟ ಕಡೆಯೇ ಮತ್ತೊಂದು ಬಿಸಿಚೀಲ ಇಟ್ಟಳು. ಸುಡ್ತಿದೆ ಮಗೂ ಎಂದು ದೊಡ್ಡಮ್ಮ ಹೇಳಬೇಕಾಯಿತು.

ಇಷ್ಟೆಲ್ಲ ನಡೆಯುವಾಗ ಒಂದು ದಿನಾಂಕ ಹತ್ತಿರ ಬರುತ್ತಿತ್ತು. ದೊಡ್ಡಮ್ಮ ಕೊನೆಯದಾಗಿ ಒಂದು ಕಾರ್ಯಕ್ರಮ ಕೊಡುವುದೆಂದು, ಅದನ್ನು ರೆಕಾರ್ಡ್ ಮಾಡಿ ಹದಿನೈದನೆಯ ಆಲ್ಬಂ ಆಗಿ ತರುವುದೆಂದು ನಿಗದಿಯಾಗಿತ್ತು. ಅದಕ್ಕೇ ಈ ಚಿಕಿತ್ಸೆ. ಸಭಾಂಗಣದವರಿಗೆ ದೊಡ್ಡಮ್ಮ ನುಡಿಸಬಹುದೇ ಎಂಬ ಬಗ್ಗೆ ಅವಳ ರಿಪೋರ್ಟ್ ಬೇಕಿತ್ತು. ಅರ್ಧ ಗಂಟೆಯಾದರೂ ನುಡಿಸುವ ಹಾಗೆ ಮಾಡಿ ಎಂದು ತಂತಿ ಕೇಳಿಕೊಂಡಿದ್ದ. ಅವಳು ನೋಡೋಣ ಎಂದಿದ್ದಳು; ಆ ನೋಡೋಣದಲ್ಲಿ ಅವನ ಕೆನ್ನೆಯ ಮಡಿಕೆಯೂ ಸೇರಿತ್ತು ಎಂದು ಅವಳಿಗೆ ಗೊತ್ತಿತ್ತು.

ಪರೀಕ್ಷೆ ಮಾಡಿದ ದಿನ ದೊಡ್ಡಮ್ಮ ಗಿಟಾರ್ ಹಿಡಿದ ಆರನೇ ನಿಮಿಷಕ್ಕೆ ಬೆರಳುಗಳು ಜೋಮು ಹಿಡಿದವು. ಭುಜದೊಳಗಿನ ಸ್ನಾಯು ಅರ್ಧ ಹರಿದಿತ್ತು. ಹಟ ಮಾಡಿದರೆ ಪೂರ್ತಿ ಹರಿಯುತ್ತದೆ, ಆಮೇಲೆ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ. ಅವಳು ರಿಪೋರ್ಟ್ ಬರೆಯಲು ಕೂತು ಮೂರು ಸಲ ಎದ್ದಳು. ಕೊನೆಗೆ ‘ಗಿಟಾರ್ ನುಡಿಸುವಂತಿಲ್ಲ’ ಎಂದೇ ಬರೆದಳು.

ತಂತಿ ಅದನ್ನು ನಿಂತೇ ಓದಿದ. “ಇನ್ನೊಂದು ವಾರ ಕಾಯಬಹುದಿತ್ತಲ್ಲ?”

“ವಾರ ಕಾದ್ರೂ ಇದೇ ಬರೀತಿದ್ದೆ. ಹಾಡಬೇಡಿ ಅಂತ ನಾನು ಹೇಳಿಲ್ಲ.”

“ಅವರು ಗಿಟಾರ್ ಇಲ್ದೆ ಒಂದು ಸಾಲೂ ಹಾಡಿದವರಲ್ಲ. ಇಷ್ಟೆಲ್ಲ ಕೇಳಿಸಿದೆ ನಿಮಗೆ. ಆದ್ರೂ ನಿಮಗೆ ಕಂಡಿದ್ದು ಮೂಳೆ ಮಾತ್ರ.”

ಅವನು ದನಿ ಏರಿಸಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಅವಳು ಡ್ರಾಯರಿನಲ್ಲಿದ್ದ ಪೆನ್‌ಡ್ರೈವ್ ತೆಗೆದು ಅವನ ಮುಂದಿಟ್ಟಳು. ಅವನು ಅದನ್ನು ಎತ್ತಿಕೊಂಡು ಹೋದ.

ಮರುವಾರ ದೊಡ್ಡಮ್ಮ ಒಬ್ಬರೇ ಟ್ಯಾಕ್ಸಿಯಲ್ಲಿ ಬಂದರು. ಅದರ ಮರುವಾರವೂ ಒಬ್ಬರೇ. ಅವಳು ಹಾಡು ಕೇಳುವುದನ್ನು ಬಿಟ್ಟಿದ್ದಳು. ಚಡಪಡಿಕೆ ಮಾತ್ರ ಬಿಡಲಿಲ್ಲ. ಕಾರಿಡಾರಿನಲ್ಲಿ ಉದ್ದನೆಯ ಹೆಜ್ಜೆಯ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಬಂದವನು ಕೊರಿಯರ್‌ನವನೋ ಎಲೆಕ್ಟ್ರಿಷಿಯನ್ನೋ ಆಗಿರುತ್ತಿದ್ದ.

ದೊಡ್ಡಮ್ಮನೇ ಬಾಯಿಬಿಟ್ಟರು. ನಾನು ಕೂತು ಹಾಡುತ್ತೇನೆ, ನನ್ನ ಭಾಗವನ್ನೂ ನೀನೇ ನುಡಿಸು ಎಂದು ತಂತಿಗೆ ಹೇಳಿದ್ದಾರೆ. ಅವನು ಒಪ್ಪುತ್ತಿಲ್ಲ. ಐವತ್ತು ವರ್ಷ ನಿಮ್ಮ ಕೈ ಇದ್ದ ಜಾಗದಲ್ಲಿ ನನ್ನ ಕೈ ಇಡಲಾರೆ ಎನ್ನುತ್ತಾನೆ. ಕಾರ್ಯಕ್ರಮಕ್ಕೆ ಒಂಬತ್ತೇ ದಿನ.

“ನೀನು ಹೇಳಿದ್ರೆ ಕೇಳ್ತಾನೆ.”

“ಅವರು ನನ್ನ ಹತ್ರ ಮಾತೇ ಬಿಟ್ಟಿದಾರೆ ದೊಡ್ಡಮ್ಮ.”

“ಅದಕ್ಕೇ ಹೇಳಿದ್ದು ಕೇಳ್ತಾನೆ ಅಂತ. ನನ್ನ ಹತ್ರ ದಿನಾ ಮಾತಾಡ್ತಾನಲ್ಲ, ಏನು ಉಪಯೋಗ?”

ಮಧ್ಯಾಹ್ನ ಎರಡು ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ ಅವಳು ಹೊರಟಳು. ಅವರ ಅಭ್ಯಾಸದ ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಗೋಡೆಗೆ ಹಳೆಯ ಕಂಬಳಿಗಳನ್ನು ಹೊಡೆದಿದ್ದರು. ತಂತಿ ನೆಲದ ಮೇಲೆ ಕೂತು ವೈರ್ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದವನು ಇದ್ದ ಒಂದೇ ಕುರ್ಚಿಯನ್ನು ಕೈಯಿಂದ ಒರೆಸಿದ. ಅವಳು ಕೂರಲಿಲ್ಲ.

“ಒಂಬತ್ತು ವರ್ಷದ ಹಿಂದೆ ಅವರು ಹಾಡು ನಿಲ್ಲಿಸಿದಾಗ, ಹನ್ನೊಂದು ಸುತ್ತು ಆ ಹಾಡು ಯಾರ ಕೈಯಲ್ಲಿತ್ತು?”

ಅವನು ವೈರಿನ ಸುರುಳಿ ಎತ್ತಿಕೊಂಡ. ಆಮೇಲೆ ಹೇಳಿದ. ಅದು ದೊಡ್ಡಮ್ಮನ ಯಜಮಾನರು ತೀರಿಕೊಂಡ ಮೇಲಿನ ಮೊದಲ ಕಾರ್ಯಕ್ರಮ. ಅವನು ಗುಂಪಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಅವರು ನಿಂತಾಗ ಅವನು ಮುಂದಿನ ಸ್ವರ ಯಾವುದೆಂದೇ ಹೊಳೆಯದೆ ಅಲ್ಲೇ ಸುತ್ತಿದ.

“ನಾನು ಕಾಯ್ತಿದ್ದೆ ಅಂತ ನೀವು ಅಂದ್ಕೊಂಡಿದೀರಿ. ನಾನು ಹೆದರಿದ್ದೆ.”

“ಹೆದರಿದವರು ಬಿಟ್ಟು ಓಡ್ತಾರೆ. ನೀವು ಬಿಡ್ಲಿಲ್ಲ. ಈಗಲೂ ಹೆದರ್ಕೊಂಡೇ ನುಡಿಸಿ, ಯಾರು ಬೇಡ ಅಂದ್ರು? ಮತ್ತೆ, ನನಗೆ ಮೂಳೆ ಮಾತ್ರ ಕಾಣುತ್ತೆ ಅಂದ್ರಿ. ಆ ರೆಕಾರ್ಡಿಂಗ್ ಕೇಳಿದ ಮೇಲೆ ನನಗೆ ಒಂದು ದಿನವೂ ನೆಟ್ಟಗೆ ಕೂರೋಕಾಗಿಲ್ಲ. ಅದು ಯಾವ ಮೂಳೆ, ನೀವೇ ಹೇಳಿ.”

ಹೇಳಿದ ಮೇಲೆ ಅವಳ ಕಿವಿಯೇ ಬಿಸಿಯಾಯಿತು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವನು ಕೈಯಲ್ಲಿದ್ದ ವೈರನ್ನು ನೋಡುತ್ತಾ, ಹದಿನಾಲ್ಕು ಆಲ್ಬಮ್ಮನ್ನೂ ಒಂದೇ ಪೆನ್‌ಡ್ರೈವಿನಲ್ಲಿ ಹಾಕಿಕೊಡಬಹುದಿತ್ತು, ಹಾಗೆ ಕೊಟ್ಟಿದ್ದರೆ ತಾನು ಮತ್ತೆ ಬರಲು ನೆಪ ಇರುತ್ತಿರಲಿಲ್ಲ ಎಂದ. ದೊಡ್ಡಮ್ಮನಿಗೆ ಕಾರು ಓಡಿಸಲು ಬೇರೆಯವರಿದ್ದರು ಎಂದೂ ಹೇಳಿದ.

“ಉಳಿದದ್ದು ಕಾರ್ಯಕ್ರಮ ಆದ್ಮೇಲೆ ಹೇಳ್ತೀನಿ. ಈಗ ಹೇಳಿದ್ರೆ ನುಡಿಸೋಕಾಗಲ್ಲ.”

ಒಂಬತ್ತು ದಿನ ಅವಳು ಹೇಗೆ ಕಳೆದಳೋ ಅಕ್ಕನನ್ನೇ ಕೇಳಬೇಕು. ಮನೆಯ ಕಪಾಟುಗಳೆಲ್ಲ ಎರಡೆರಡು ಸಲ ಚೊಕ್ಕಟವಾದವು.

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ದೊಡ್ಡಮ್ಮನ ಕೇಳುಗರಿಗೂ ವಯಸ್ಸಾಗಿತ್ತು, ಕತ್ತಲಾಗುವ ಮೊದಲು ಮನೆ ಸೇರಬೇಕಿತ್ತು. ಸೀಟಿನಲ್ಲಿ ಕೂರಲಾರದೆ ಅವಳು ಹಿಂದಿನ ಗೋಡೆಗೆ ಒರಗಿ ನಿಂತಳು. ದೊಡ್ಡಮ್ಮ ಬರಿಗೈಯಲ್ಲಿ ಬಂದು ಕುರ್ಚಿಯಲ್ಲಿ ಕೂತಾಗ ಹಾಲ್ ಪೂರ್ತಿ ಉಸಿರು ಬಿಗಿಹಿಡಿಯಿತು. ಮೊದಲ ಎರಡು ಹಾಡಿಗೆ ಅವರ ಬೆರಳುಗಳು ಮಡಿಲಲ್ಲಿ ಇಲ್ಲದ ಗಿಟಾರಿನ ತಂತಿಗಳನ್ನು ಹುಡುಕುತ್ತಿದ್ದವು. ಪಕ್ಕದಲ್ಲಿ ಅವನ ಬಲಗೈ ಒಂದು ಕಡೆ ತಪ್ಪಿತು, ಮತ್ತೊಂದು ಕಡೆ ತಡವಾಯಿತು. ಮೂರನೆಯ ಹಾಡಿಗೆ ಅವನು ಅವರ ಹಾಗೆ ನುಡಿಸಲು ಹೋಗುವುದನ್ನು ಬಿಟ್ಟು, ತನ್ನ ಹಾಗೆ, ಕಡಿಮೆ ಸ್ವರಗಳಲ್ಲಿ ನುಡಿಸಿದ. ದೊಡ್ಡಮ್ಮ ಅವನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಅವರ ಕೈ ಗಾಳಿಗೆ ಎದ್ದಿತು, ನೋವಾಗದಷ್ಟೇ ಎತ್ತರಕ್ಕೆ. ಐವತ್ತು ವರ್ಷದಲ್ಲಿ ಮೊದಲ ಸಲ ಅವರು ಕೈಯಾಡಿಸುತ್ತಾ ಹಾಡಿದರು, ಎದುರಿಗೆ ಕೂತವರ ಜೊತೆ ಹರಟುವ ಹಾಗೆ. ಮುಂದಿನ ಸಾಲಿನ ಒಬ್ಬ ಅಜ್ಜ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಮುಗಿದ ಮೇಲೆ ಜನವೆಲ್ಲ ದೊಡ್ಡಮ್ಮನನ್ನು ಸುತ್ತಿಕೊಂಡಿತು. ಅವಳು ವೇದಿಕೆಯ ಹಿಂದಕ್ಕೆ ಹೋದಳು. ಅವನು ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತಿದ್ದ. ಎರಡೂ ಕೈ ನಡುಗುತ್ತಿದ್ದವು. ಅವಳು ಮುಂದೆ ಮಂಡಿಯೂರಿ ಅವನ ಬಲಗೈ ಹಿಡಿದು, ಮಣಿಕಟ್ಟಿನಿಂದ ಅಂಗೈಯವರೆಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತತೊಡಗಿದಳು.

“ಇದು ಚಿಕಿತ್ಸೆನಾ?” ಎಂದು ಅವನು ಕೇಳಿದ.

“ಅಲ್ಲ.”

ಅವನು ಉಳಿದದ್ದನ್ನು ಹೇಳಿದ. ಒಂಬತ್ತು ದಿನ ಅಭ್ಯಾಸ ಮಾಡಿದ್ದರೂ ಎರಡು ಸಲ ತಡವರಿಸಿದ. ನೀವು ಅಂತ ಶುರುಮಾಡಿದ ಮಾತು ನಡುವೆ ಎಲ್ಲೋ ನೀನು ಆಯಿತು. ಅವಳು ಕೇಳಿಸಿಕೊಂಡಳು, ಪೂರ್ತಿ, ಒಂದೇ ಕಡೆ ಕೂತು. ತನಗೂ ಹಾಗೇ ಎಂದಳು. ಮತ್ತೆ, ಅಕ್ಕ ಭಾವ ಹೊರಗೆ ನಿಂತಿದ್ದಾರೆ, ಭಾವ ನಿನ್ನ ಎತ್ತರ ಅಳೆಯುತ್ತಾನೆ, ತಯಾರಾಗಿರು ಎಂದಳು.

ಅವನು ನಕ್ಕ. ಆಮೇಲೆ ತನ್ನ ಕೈ ನೋಡಿಕೊಂಡು, “ನಡುಕ ನಿಂತಿದೆ,” ಎಂದ.

“ನಿಂತು ತುಂಬಾ ಹೊತ್ತಾಯ್ತು,” ಎಂದಳು ಅವಳು, ಕೈ ಬಿಡದೆ.