ಬುಟ್ಟಿಯಿಂದ ಇಳಿಸಿದವಳು

ಸೇತುವೆ ವಿಭಾಗದಲ್ಲಿ ಅವಳಿಗೆ 'ಈಗಲೇ ಮೇಡಂ' ಎಂದೇ ಹೆಸರು. ಯಾವ ಸೇತುವೆಗೆ ಯಾವಾಗ ಬಣ್ಣ, ಯಾವಾಗ ರಿಪೇರಿ ಎಂದು ಮುಂದಿನ ಮೂವತ್ತು ವರ್ಷಕ್ಕೆ ಪ್ಲಾನ್ ಹಾಕುವವಳು ಅವಳು. ತುಕ್ಕು ಚುಕ್ಕೆಯಷ್ಟಿರುವಾಗಲೇ ಉಜ್ಜಿಸಿ, ಕಸ ಕಟ್ಟಿದ ನೀರಿನ ಕೊಳವೆ ಈಗಲೇ ಬಿಡಿಸಿ, ಬಿಟ್ಟರೆ ನಾಳೆ ತೊಲೆಯನ್ನೇ ಬದಲಿಸಬೇಕಾದೀತು ಎಂದು ಮೇಲಧಿಕಾರಿಗಳ ತಲೆ ತಿನ್ನುತ್ತಿದ್ದಳು. ತನ್ನ ಮನಸ್ಸಿನ ವಿಷಯಕ್ಕೆ ಬಂದರೆ ಮಾತ್ರ, ಎರಡು ವರ್ಷದಿಂದ ತುಟಿ ಪಿಟಕ್ಕೆಂದಿರಲಿಲ್ಲ.

ಆ ಮನಸ್ಸು ಕದ್ದವನು ತಪಾಸಣೆಯ ಇಂಜಿನಿಯರ್. ಕ್ರೇನಿನ ಬುಟ್ಟಿಯಲ್ಲಿ ನಿಂತು ಸೇತುವೆಯ ಅಡಿಗೆ ಇಳಿದು, ಸುತ್ತಿಗೆಯಿಂದ ಕಾಂಕ್ರೀಟ್ ತಟ್ಟಿ, ಒಳಗೆ ಟೊಳ್ಳಾಗಿದೆಯೇ ಎಂದು ಕಿವಿಗೊಡುವವನು. ನದಿಯ ದೊಡ್ಡ ಸೇತುವೆಯಲ್ಲಿ ಒಮ್ಮೆ ಆ ಬುಟ್ಟಿ ಗಾಳಿಗೆ ಓಲಾಡಿದ್ದನ್ನು ಕಂಡು ಅವಳ ಜೀವ ಬಾಯಿಗೆ ಬಂದಿತ್ತು. ಮುಂದಿನ ಸಲ ಆ ಸೇತುವೆಯನ್ನು ಬೇರೆಯವರಿಗೆ ವಹಿಸಿ, ಇವನಿಗೆ ಹಳ್ಳದ ಪುಟ್ಟ ಸೇತುವೆಗಳನ್ನು ಕೊಟ್ಟಳು. ಕಾರಣ ಹೇಳಲಿಲ್ಲ. ಹೇಳುವುದಾದರೂ ಹೇಗೆ? ತನ್ನ ಕೆಲಸದ ಮೇಲೆ ಅವಳಿಗೆ ನಂಬಿಕೆಯಿಲ್ಲ ಎಂದುಕೊಂಡು ಅವನು ಸದ್ದಿಲ್ಲದೆ ವರ್ಗಾವಣೆ ಕೇಳಿದ. ಸೋಮವಾರ ಹೊರಡುತ್ತಾನಂತೆ, ಇವತ್ತು ದೊಡ್ಡ ಸೇತುವೆಯ ಹತ್ತಿರ ಇದ್ದಾನಂತೆ ಎಂದು ಪಕ್ಕದ ಮೇಜಿನವಳು ಹೇಳಿದಾಗ ಇವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ನೆಟ್ಟಗೆ ದೊಡ್ಡ ಸೇತುವೆಗೇ ಹೋದಳು. ಅವನು ತನ್ನ ಜಾಗಕ್ಕೆ ಬಂದ ಹೊಸಬನಿಗೆ ಕೆಲಸ ತೋರಿಸಿಕೊಟ್ಟು ಹೆಲ್ಮೆಟ್ ತೆಗೆಯುತ್ತಿದ್ದ. ತನ್ನನ್ನೂ ಒಮ್ಮೆ ಕೆಳಗೆ ಕರೆದೊಯ್ಯಿರಿ ಎಂದಳು. ಅವನು ಅವಳ ಮುಖ ನೋಡದೆಯೇ ಅವಳಿಗೆ ಬೆಲ್ಟ್ ಬಿಗಿದ. ಅವನ ಕಿವಿಗಳು ಮಾತ್ರ ಕೆಂಪಾಗಿದ್ದವು.

ಬುಟ್ಟಿ ಕೆಳಗಿಳಿಯಿತು. ಕಾಲಡಿಯಲ್ಲಿ ನದಿ. ಅವಳು ಕಂಬಿಯನ್ನು ಬಿಟ್ಟು ಅವನ ತೋಳನ್ನೇ ಹಿಡಿದಳು.

"ಕೆಳಗೆ ನೋಡ್ಬೇಡಿ ಮೇಡಂ. ಇಷ್ಟು ಹೆದರಿಕೆ ಇಟ್ಕೊಂಡು ಯಾಕೆ ಬಂದ್ರಿ?"

"ನಿಮ್ಮ ಕೆಲಸ ಸರಿಯಿಲ್ಲ ಅಂತ ನಿಮ್ಮನ್ನ ಈ ಸೇತುವೆಯಿಂದ ತೆಗೀಲಿಲ್ಲ ನಾನು. ನೀವು ಇಲ್ಲಿ ನೇತಾಡ್ತಿದ್ರೆ ಮೇಲೆ ನನಗೆ ಉಸಿರೇ ಆಡಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಹಾಗೆ ಮಾಡ್ಬಿಟ್ಟೆ." ಅವಳ ಕಣ್ಣು ತುಂಬಿತು. "ನೀವಂದ್ರೆ ನನಗೆ ಪ್ರಾಣ."

ಈಗ ಅವನು ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ, ತಾನು ಪ್ರತಿ ವರದಿಯನ್ನೂ ಜವಾನನ ಕೈಲಿ ಕಳಿಸುವ ಬದಲು ಅವಳ ಮೇಜಿಗೇ ತಂದುಕೊಡುತ್ತಿದ್ದುದು ಯಾಕೆಂದುಕೊಂಡಳು ಎಂದು ಕೇಳಿದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ವರ್ಗಾವಣೆ ಬೇಡ ಅಂತ ಸಾಹೇಬರಿಗೆ ಇವತ್ತೇ ಹೇಳ್ತೀನಿ," ಎಂದ ಅವನು. "ಕಷ್ಟ ಇರೋದು ಮನೇಲಿ. ಅಮ್ಮ ಆಗಲೇ ಪಾತ್ರೆ ಎಲ್ಲ ಮೂಟೆ ಕಟ್ಟಿಟ್ಟಿದ್ದಾಳೆ. ಬಿಚ್ಚು ಅಂದ್ರೆ ಯಾಕೆ ಅಂತಾಳೆ. ಏನು ಹೇಳ್ಲಿ?"

ಅವಳು ಅವನ ತೋಳು ಬಿಡಲಿಲ್ಲ.

"ಸೊಸೆ ಬರ್ತಿದ್ದಾಳೆ ಅನ್ನಿ."